ಬೀಳಗಿಯವರೆಗೆ ನಿಲ್ಲದ ಗಾಡಿ

ಹಿಪ್ಪರಗಿಯ ಪಾಂಡಪ್ಪನ ಮನೆಯಲ್ಲಿ ಇಪ್ಪತ್ತು ವರ್ಷದ ಹಿಂದಿನದೊಂದು ಕ್ರೂಸರ್ ಬೈಕಿತ್ತು. ತಗ್ಗಿನ ಸೀಟು, ಅಗಲವಾದ ಹ್ಯಾಂಡಲ್ಲು, ಹಿಂದೆ ಕೂತವರಿಗೆ ಬೆನ್ನು ಆನಿಸಲು ಮೆತ್ತನೆಯ ಆಸರೆ. ಊರವರು ಅದನ್ನು ‘ಉದ್ದನ್ನ ಗಾಡಿ’ ಎಂದೇ ಕರೆಯುತ್ತಿದ್ದರು. ಪಾಂಡಪ್ಪನಿಗಿಂತ ಅವನ ಹೆಂಡತಿ ಸಿದ್ದಕ್ಕನಿಗೆ ಅದರ ಮೇಲೆ ಜೀವ. ಐವತ್ತೈದು ದಾಟಿದ ಅವಳ ಮೊಣಕಾಲು, ಸೊಂಟ ಎರಡೂ ಈಗ ಅವಳ ಮಾತು ಕೇಳುತ್ತಿರಲಿಲ್ಲ. ಬೇರೆ ಬೈಕುಗಳ ಎತ್ತರದ ಸೀಟಿಗೆ ಹತ್ತಬೇಕೆಂದರೆ ಕಟ್ಟೆ ಹುಡುಕಬೇಕು, ಹತ್ತಿದ ಮೇಲೆ ಗಂಡನ ಅಂಗಿ ಹಿಡಿದು ಜೋಲಿ ಹೊಡೆಯಬೇಕು. ಇದರ ಮೇಲಾದರೆ ಕುರ್ಚಿಯಲ್ಲಿ ಕೂತ ಹಾಗೆ ಕೂತು, ಎರಡೂ ಬದಿಯ ಕಬ್ಬಿನ ಹೊಲ ನೋಡುತ್ತ ಹೋಗಬಹುದಿತ್ತು.

ಆದರೆ ಎರಡು ವರ್ಷದಿಂದ ಗಾಡಿ ದೂರದ ದಾರಿಯಲ್ಲಿ ಕೈಕೊಡತೊಡಗಿತ್ತು. ಹೊಲಕ್ಕೆ, ರಬಕವಿಯ ಸಂತೆಗೆ ಹೋದರೆ ಏನೂ ತಕರಾರಿಲ್ಲ. ಬೀಳಗಿಯಲ್ಲಿ ಸಿದ್ದಕ್ಕನ ತಂಗಿ ಸತ್ಯವ್ವ ಇದ್ದಳು. ಅಲ್ಲಿಗೆಂದು ಪೆಟ್ರೋಲ್ ತುಂಬಿಸಿಕೊಂಡು ಹೊರಟರೆ ಮಾತ್ರ ಹತ್ತು ಹನ್ನೆರಡು ಕಿಲೋಮೀಟರಿಗೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಪಾಂಡಪ್ಪ ಇಳಿಯುವನು, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುವನು, ಮುಚ್ಚುವನು, ಬೇವಿನ ನೆರಳಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವನು. ಕಾಲು ಗಂಟೆ ಬಿಟ್ಟು ಬಟನ್ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗಾಡಿ ಚಾಲೂ. ಮುಂದೆ ಹತ್ತು ಕಿಲೋಮೀಟರಿಗೆ ಮತ್ತದೇ ಕತೆ.

“ಇಂಜಿನ್ ಕಾದ ನಿಲ್ಲತೈತಿ. ಆರಿದ ಮ್ಯಾಲ ಮತ್ತ ಚಾಲೂ ಆಗತೈತಿ,” ಎಂಬುದು ಪಾಂಡಪ್ಪನ ತೀರ್ಮಾನ. ಮೇಸ್ತ್ರಿಗಳೂ ಅದನ್ನೇ ನಂಬಿದರು. ಒಬ್ಬ ಪ್ಲಗ್ ಬದಲಿಸಿದ, ಇನ್ನೊಬ್ಬ ಕಾಯಿಲ್ ಬದಲಿಸಿದ, ಮತ್ತೊಬ್ಬ ಹೊಸ ಕಾರ್ಬುರೇಟರ್ ಕೂರಿಸಿದ. ಗ್ಯಾರೇಜಿನ ಮುಂದೆ ಎರಡು ಸುತ್ತು ಹೊಡೆಸಿ ಎಲ್ಲರೂ ‘ಆತು’ ಎಂದರು. ಕಡೆಗೆ ಮುಧೋಳದ ಹಿರಿಯ ಮೇಸ್ತ್ರಿಯೊಬ್ಬ, “ಇದರ ಆಯುಷ್ಯ ಮುಗಿದೈತ್ರಿ, ಮಾರಿಬಿಡ್ರಿ,” ಎಂದುಬಿಟ್ಟ. ಪಾಂಡಪ್ಪ ಹೊಸ ಬೈಕು ನೋಡಿಕೊಂಡೂ ಬಂದ. ಅದರ ಸೀಟು ಸಿದ್ದಕ್ಕನ ಸೊಂಟದ ಮಟ್ಟಕ್ಕಿತ್ತು.

“ಬನಹಟ್ಟಿಯೊಳಗ ರೇಷ್ಮಾ ಅನ್ನಾಕಿ ಗ್ಯಾರೇಜ್ ತಗದಾಳಂತ. ಅಕಿಗೊಂದ್ ಸಲ ತೋರಿಸ್ರಿ. ಆಗಲಿಲ್ಲಂದ್ರ ನಾ ಬಾಯಿ ತಗ್ಯಾಂಗಿಲ್ಲ,” ಎಂದಳು ಸಿದ್ದಕ್ಕ.

“ಮುಧೋಳದಾವಗ ಆಗದ್ದು ಇಕಿ ಮಾಡ್ತಾಳೇನು?”

“ತೋರಿಸ್ರಿ ಅಂದೆ, ಅಷ್ಟ.”

ರೇಷ್ಮಾಳ ಗ್ಯಾರೇಜು ಮಗ್ಗಗಳ ಓಣಿಯಲ್ಲಿತ್ತು. ಸುತ್ತಲಿನ ಮಗ್ಗಗಳ ಖಟಪಟ ಸದ್ದಿನಲ್ಲಿ ಇಂಜಿನ್ನಿನ ದನಿ ಕೇಳಬೇಕೆಂದರೆ ಅವಳು ಕಿವಿಯನ್ನು ಟ್ಯಾಂಕಿಗೇ ಹಚ್ಚಬೇಕಾಗುತ್ತಿತ್ತು. ವಯಸ್ಸು ಮೂವತ್ತರ ಆಸುಪಾಸು. ಓಣಿಯ ಹೆಂಗಸರ ಸ್ಕೂಟರುಗಳನ್ನು ಬಿಟ್ಟರೆ ಅವಳ ಕೈಗೆ ಬೇರೆ ಗಾಡಿ ಬಂದದ್ದು ಕಡಿಮೆ. ಉದ್ದನ್ನ ಗಾಡಿಯನ್ನು ಕಂಡು ಅವಳ ಮುಖ ಅರಳಿತು. ಮೂರು ದಿನ ಇಟ್ಟುಕೊಂಡು ಆಯಿಲ್ ಬದಲಿಸಿದಳು, ಸವೆದ ಚೈನು ತೆಗೆದು ಹೊಸದು ಹಾಕಿದಳು, ಟ್ಯಾಪೆಟ್ ಸರಿಮಾಡಿದಳು, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟಿದ್ದ ಧೂಳನ್ನು ಝಾಡಿಸಿದಳು. ನಾಲ್ಕನೆಯ ದಿನ ಗಂಡ ಹೆಂಡತಿ ಬಂದಾಗ ಕೀಲಿ ಕೈಯಲ್ಲಿಡಲಿಲ್ಲ.

“ಕಾಕಾ, ಇಲ್ಲಿ ಸುತ್ತು ಹೊಡದ್ರ ಏನೂ ತಿಳ್ಯಾಂಗಿಲ್ಲ. ಟ್ಯಾಂಕ್ ತುಂಬ ಹಾಕಿಸಿ ಜಮಖಂಡಿ ದಾರಿ ಹಿಡಿಯೋಣು. ನಾ ಸ್ಕೂಟರ್ ಮ್ಯಾಲ ಹಿಂದ ಬರ್ತೇನಿ.”

ಬಂಕಿನಲ್ಲಿ ಟ್ಯಾಂಕು ಕಂಠಮಟ್ಟ ತುಂಬಿತು. ಗಾಡಿ ಹೊಸ ಚೈನಿನ ಹುರುಪಿನಲ್ಲಿ ಸದ್ದಿಲ್ಲದೆ ಓಡಿತು. ಸಿದ್ದಕ್ಕ ಸೆರಗು ಬಿಗಿದುಕೊಂಡು ಮನಸ್ಸಿನಲ್ಲೇ ಮನೆದೇವರು ಬೀರಪ್ಪನನ್ನು ನೆನೆದಳು. ಎಂಟು ಕಿಲೋಮೀಟರ್ ಆಗಿರಬೇಕು, ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಕಬ್ಬಿನ ಹೊಲವೊಂದರ ಬದಿಗೆ ನಿಂತಿತು.

“ನೋಡಿದಿ?” ಎಂದ ಪಾಂಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಟ್ಯಾಂಕು ಈಗಷ್ಟೇ ತುಂಬಿಸಿದ್ದರಿಂದ ಮುಚ್ಚಳ ತೆಗೆದು ನೋಡುವ ಗೋಜಿಗೆ ಹೋಗದೆ ನೇರವಾಗಿ ನೆರಳಿಗೆ ಹೋಗಿ ಕೂತ.

ಕಾಲು ಗಂಟೆಯಾಯಿತು, ಚಾಲೂ ಆಗಲಿಲ್ಲ. ಅರ್ಧ ಗಂಟೆಯಾಯಿತು, ಆಗಲೂ ಇಲ್ಲ. ರೇಷ್ಮಾ ಇಂಜಿನ್ ಮೇಲೆ ಅಂಗೈ ಇಟ್ಟಳು. “ಪೂರಾ ಆರೇತಿ ಕಾಕಾ. ಆದ್ರೂ ಚಾಲೂ ಆಗವಲ್ಲದು.” ಪ್ಲಗ್ ಬಿಚ್ಚಿ ನೋಡಿದಳು, ನೀಲಿ ಕಿಡಿ ಚೆನ್ನಾಗಿಯೇ ಹಾರಿತು. ಕಾರ್ಬುರೇಟರಿಗೆ ಹೋಗುವ ಪೆಟ್ರೋಲ್ ಪೈಪನ್ನು ಕಳಚಿ ಒಂದು ಬಾಟಲಿಗೆ ಹಿಡಿದಳು. ನಾಲ್ಕು ಹನಿ ಬಿದ್ದು ನಿಂತಿತು. ಸ್ವಲ್ಪ ತಡೆದು, ಟ್ಯಾಂಕಿನೊಳಗೆ ‘ಗುಳುಕ್’ ಎಂದಿತು. ಮತ್ತೆರಡು ಹನಿ.

ಆ ಸದ್ದಿಗೆ ಸಿದ್ದಕ್ಕ ತಲೆ ಎತ್ತಿದಳು. ಎರಡು ವರ್ಷ ಇಂಥ ದಾರಿಬದಿಗಳಲ್ಲಿ ಕೂತು ಗಂಡ ಮಾಡುತ್ತಿದ್ದುದನ್ನೆಲ್ಲ ಅವಳು ನೋಡಿದ್ದಳು. ಇಳಿಯುವುದು, ಮುಚ್ಚಳ ತೆಗೆಯುವುದು, ಇಣುಕುವುದು, ಮುಚ್ಚುವುದು. ಇವತ್ತು ಅದೊಂದನ್ನೇ ಮಾಡಿರಲಿಲ್ಲ. ಗಾಡಿ ಚಾಲೂ ಆಗದಿದ್ದದ್ದೂ ಇವತ್ತೇ.

“ರೇಷ್ಮಾ, ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಹಿಂಗ ಗುಳುಕ್ ಅಂತೈತಿ ಬೇ. ಎಣ್ಣಿ ಬರಾಂಗಿಲ್ಲ. ಗಾಳಿ ಹೋಗಾಕ ಮ್ಯಾಲ ಇನ್ನೊಂದ ತೂತು ಹೊಡೀಬೇಕು. ಇದಕ್ಕ ಗಾಳಿ ಎಲ್ಲಿಂದ ಹೋಗತೈತಿ?”

ರೇಷ್ಮಾ ಬಾಟಲಿ ಹಿಡಿದುಕೊಂಡೇ ಅವಳ ಮುಖ ನೋಡಿದಳು. “ಕಾಕೂ, ಆ ಮುಚ್ಚಳ ನೀವ ತಗೀರಿ.”

ಸಿದ್ದಕ್ಕ ಕೀಲಿ ತಿರುಗಿಸಿ ಮುಚ್ಚಳ ಎತ್ತಿದಳು. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು. ಮರುಕ್ಷಣವೇ ಪೈಪಿನಿಂದ ಪೆಟ್ರೋಲ್ ಧಾರೆಯಾಗಿ ಸುರಿದು ಬಾಟಲಿ ತುಂಬತೊಡಗಿತು. ರೇಷ್ಮಾ ಅವಸರದಲ್ಲಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡಿದಳು. ನೆರಳಲ್ಲಿ ಕೂತಿದ್ದ ಪಾಂಡಪ್ಪ ಎದ್ದು ಬಂದ.

ಮುಚ್ಚಳವನ್ನು ತಿರುವಿ ಬಿಸಿಲಿಗೆ ಹಿಡಿದರು. ಗಾಳಿಗೆಂದು ಬಿಟ್ಟಿದ್ದ ಸಣ್ಣ ತೂತು ಗಾಡಿಯದೇ ಮೆರೂನ್ ಬಣ್ಣದಲ್ಲಿ ಮುಚ್ಚಿಹೋಗಿತ್ತು.

“ಬಣ್ಣ ಯಾವಾಗ ಹೊಡಿಸಿದ್ರಿ ಕಾಕಾ?”

“ಎರಡ ವರ್ಷ ಆತು,” ಎಂದ ಪಾಂಡಪ್ಪ. “ಬಣ್ಣ ಛಲೋ ಕಾಣಾಕತ್ತಿತ್ತು, ಮಂದಿ ದೃಷ್ಟಿ ಆತು ಅಂತ ನಾ ನಿಂಬಿಹಣ್ಣ ಕಟ್ಟಿದ್ನಿ.”

ರೇಷ್ಮಾಳಿಗೆ ನಗು ತಡೆಯಲಾಗಲಿಲ್ಲ. “ಟ್ಯಾಂಕ್ ತುಂಬಿದಾಗ ಒಳಗ ಗಾಳಿ ಕಡಿಮಿ, ಅದಕ್ಕ ಲಗೂನ ನಿಲ್ಲತಿತ್ತು. ಊರಾಗ ಪೆಟ್ರೋಲ್ ಕಡಿಮಿ ಇರತಿತ್ತು, ನಡೀತಿತ್ತು. ನಿಂತಾಗೆಲ್ಲ ನೀವ ಮುಚ್ಚಳ ತಗದ ನೋಡ್ತಿದ್ರಿ, ಗಾಳಿ ಹೋಗತಿತ್ತು. ನೀವು ಆರೇತಿ ಅಂದ್ರಿ, ನಾವು ಮೇಸ್ತ್ರಿಗಳು ಹೂಂ ಅಂದ್ವಿ.”

ಸಿದ್ದಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ರೇಷ್ಮಾ ತೂತಿನೊಳಗಿನ ಬಣ್ಣವನ್ನು ಪುಡಿಪುಡಿ ಮಾಡಿ ತೆಗೆದು, ಬಾಯಿಂದ ಊದಿ, ಪೈಪು ಜೋಡಿಸಿದಳು. ಬಟನ್ ಒತ್ತಿದ ಕೂಡಲೇ ಇಂಜಿನ್ ಎದ್ದಿತು.

“ಇನ್ನ ಮನಿಗೆ ಹೋಗೋಣು,” ಎಂದ ಪಾಂಡಪ್ಪ.

“ಮನಿಗೆ ಯಾಕ್ರಿ? ಬೀಳಗಿಗೆ ನಡೀರಿ,” ಎಂದಳು ಸಿದ್ದಕ್ಕ, ಆಗಲೇ ಹಿಂದಿನ ಸೀಟಿನಲ್ಲಿ ಕೂತು.

ಜಮಖಂಡಿಯವರೆಗೆ ರೇಷ್ಮಾ ಹಿಂದೆಯೇ ಬಂದಳು. ಅಲ್ಲಿ ಕೈಬೀಸಿ ತಿರುಗಿದಳು. ಬಜಾರಿನ ಗದ್ದಲ ದಾಟಿ ಬೀಳಗಿ ದಾರಿ ಹಿಡಿದ ಮೇಲೆ ಪಾಂಡಪ್ಪನ ಬಲಗೈ ತಾನಾಗಿಯೇ ಬಿಗಿಯಾಯಿತು. ಹತ್ತು ಕಿಲೋಮೀಟರ್ ಹೋಯಿತು, ಹದಿನೈದು ಹೋಯಿತು. ಕೆಮ್ಮಿಲ್ಲ, ತಡವರಿಕೆಯಿಲ್ಲ. ಚಹಾದಂಗಡಿಯೊಂದು ಕಂಡಾಗ ಅವನು ಬ್ರೇಕಿಗೆ ಕಾಲು ತಂದ.

“ನಿಲ್ಲಿಸಬ್ಯಾಡ್ರಿ. ಇವತ್ತ ಇದು ತಾನಾಗೆ ನಿಲ್ಲಬಾರದು, ನಾವೂ ನಿಲ್ಲಿಸಬಾರದು.”

ಪಾಂಡಪ್ಪ ನಕ್ಕು ಗಾಡಿಯನ್ನು ಮುಂದಕ್ಕೆ ಬಿಟ್ಟ. ಎದುರಿನಿಂದ ಬಿಸಿಗಾಳಿ ಬೀಸುತ್ತಿತ್ತು, ಸಿದ್ದಕ್ಕನ ಸೆರಗು ಪಟಪಟ ಹಾರುತ್ತಿತ್ತು. ಅವಳು ಬೆನ್ನು ಆನಿಸಿ, ಎರಡೂ ಕೈ ತೊಡೆಯ ಮೇಲಿಟ್ಟು, ಮೆರವಣಿಗೆಯಲ್ಲಿ ಹೊರಟವಳ ಹಾಗೆ ಕೂತಿದ್ದಳು. ಎದುರು ಬಂದ ಟ್ರ್ಯಾಕ್ಟರಿನವನು ತಿರುಗಿ ತಿರುಗಿ ನೋಡಿದ.

ಬೀಳಗಿಯ ಮನೆಯ ಮುಂದೆ ಗಾಡಿ ನಿಂತಾಗ ಸತ್ಯವ್ವ ಕೈಯಲ್ಲಿನ ಹಿಟ್ಟು ತೊಳೆಯದೆ ಹೊರಗೆ ಓಡಿಬಂದಳು. ಅವಳ ಗಂಡ ಗಿರಮಲ್ಲಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡಿದ. ಊಟಕ್ಕೆ ಕೂತಾಗ ಕೇಳಿದ: “ಯಾವ ಮೇಸ್ತ್ರಿ ಹಿಡದಾ ಇದರ ರೋಗ?”

ಪಾಂಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಬನಹಟ್ಟಿ ರೇಷ್ಮಾ ಕೆಲಸ ಮಾಡಿದ್ಲು. ರೋಗ ಹಿಡದಾಕಿ ಮಾತ್ರ ನಮ್ಮಾಕಿ. ನಾಕು ಮಂದಿ ಮೇಸ್ತ್ರಿಗೆ ಆಗದ್ದು ಇಕಿ ಹಿಡದ್ಲು.”

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಮಂದಿಯ ಮುಂದೆ ಅವನು ಹೀಗೆ ಹೇಳಿದ್ದು ಇದೇ ಮೊದಲು. ಸಿದ್ದಕ್ಕ ಕೇಳಿಸದವಳಂತೆ ತಂಗಿಯ ಕಡೆ ತಿರುಗಿ ಇನ್ನೊಂದು ರೊಟ್ಟಿ ಕೇಳಿದಳು.

ಗಿರಮಲ್ಲಪ್ಪ ತುಸು ಯೋಚಿಸಿ ಹೇಳಿದ: “ಅಕ್ಕಾರ, ನಮ್ಮ ಔಷಧ ಹೊಡಿಯೋ ಪಂಪೂ ಹದಿನೈದ ದಿನದಿಂದ ಸುಮ್ನ ಕುಂತೈತ್ರಿ. ಒಂದೀಟು ನೋಡ್ತೀರೇನು?”

“ತಗೊಂಬಾರಪಾ,” ಎಂದಳು ಸಿದ್ದಕ್ಕ. “ಉಂಡ ಮ್ಯಾಲ ನೋಡೋಣು.”