ಎಡಬದಿಯ ಐದೆಳೆ

ತಲೆಗೆ ಸುತ್ತಿದ್ದ ಟವೆಲನ್ನು ಬಿಂದು ಬಿಚ್ಚುತ್ತಿದ್ದಂತೆ ಅಮ್ಮನ ಒದ್ದೆ ಕೂದಲಿನಿಂದ ಸೀಗೆಕಾಯಿ, ಮೆಂತ್ಯ, ಒಣಗಿದ ನಿಂಬೆಸಿಪ್ಪೆಗಳ ವಾಸನೆ ಎದ್ದಿತು. ಚಿಕ್ಕಂದಿನ ಭಾನುವಾರಗಳ ವಾಸನೆ. ಆಗೆಲ್ಲ ನೀರು ಹೊಯ್ಯುವಾಗ ಮಗಳ ಕಣ್ಣು ಉರಿಯದಿರಲೆಂದು ಅಮ್ಮ ಹಣೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಇವತ್ತು ಸ್ನಾನ ಮಾಡಿಸುವಾಗ ಬಿಂದುವೂ ಹಾಗೇ ಹಿಡಿದಿದ್ದಳು. ಅಮ್ಮನ ಕಣ್ಣು ಇನ್ನು ಉರಿಯುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ಶಿವಗಂಗಮ್ಮ ತೀರಿಕೊಂಡದ್ದು ಬೆಳಗಿನ ಐದಕ್ಕೆ. ಲಿಂಗಾಯತರಾದ ತಮ್ಮವರಲ್ಲಿ ದೇಹವನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಒಯ್ಯುತ್ತಾರೆ. ಮೈ ಬಿಗಿಯುವ ಮೊದಲು ಆಗಬೇಕೆಂಬ ಅವಸರದಲ್ಲಿ ಗಂಡಸರು ಆಕೆಯನ್ನು ಗೋಡೆಗೆ ಒರಗಿಸಿ, ಬಿಳಿ ಬಟ್ಟೆಯಿಂದ ಬಿಗಿದುಬಿಟ್ಟಿದ್ದರು. ತಲೆಗೂದಲು ಯಾರಿಗೂ ನೆನಪಾಗಿರಲಿಲ್ಲ.

"ಜಡೆ ಹಾಕೋಕೆ ಮುಂಚೆ ಕೂರಿಸಿಬಿಟ್ರಲ್ಲೋ," ಎಂದರು ಅಪ್ಪಾಜಿಯ ಅಕ್ಕ ಪುಟ್ಟತಾಯಮ್ಮ.

"ನೀವೇ ಅಲ್ವಾ ಅತ್ತೆ, ಬೇಗ ಬೇಗ ಅಂತ ಕೂಗ್ತಿದ್ದೋರು?" ಎಂದ ಬಿಂದುವಿನ ತಮ್ಮ ಶಿವರಂಜನ್.

"ನಾನು ಕೂಗಿದ್ದು ಕಾಫಿಗೆ."

ಪೂಜೆಗೆ ಅಣಿಮಾಡುತ್ತಿದ್ದ ರುದ್ರಮುನಿ ಅಯ್ಯನವರು ತಲೆಯೆತ್ತಿದರು. "ಹನ್ನೊಂದೂವರೆಗೆ ಎತ್ತಬೇಕು ತಾಯಿ. ಗಾಡಿ ಬಂದು ನಿಂತಿದೆ."

"ಒಂದು ಗಂಟು ಹಾಕಿ ಹೂ ಮುಚ್ಚಿಬಿಡೇ ಬಿಂದು," ಎಂದರು ಪುಟ್ಟತಾಯಮ್ಮ.

"ಬೇಡ ಅತ್ತೆ. ಐದೆಳೆ ಜಡೆ ಇಲ್ದೆ ಅಮ್ಮ ತರಕಾರಿಗೂ ಹೋದೋಳಲ್ಲ. ನಾನು ಹಾಕ್ತೀನಿ."

ಹೇಳಿದ್ದೇನೋ ಹೇಳಿದಳು. ಬಾಚಣಿಗೆ ಹಿಡಿದ ಕೈ ಮಾತ್ರ ಅಲ್ಲೇ ನಿಂತಿತು.

*

ಶಾಲೆಯ ವಾರ್ಷಿಕೋತ್ಸವ ಬಂತೆಂದರೆ ಚೆನ್ನೈನ ಕ್ರೋಂಪೇಟೆಯ ಈ ಬೀದಿಯ ಹುಡುಗಿಯರೆಲ್ಲ ಇವರ ಜಗುಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಶಿವಗಂಗಮ್ಮನ ಬೆರಳುಗಳು ಒಂದೊಂದೇ ತಲೆಯಲ್ಲಿ ಐದೆಳೆ ಹೆಣೆದು, ಬೆನ್ನು ತಟ್ಟಿ ಕಳಿಸುತ್ತಿದ್ದವು. ಮಗಳೂ ಕಲಿಯಲೆಂದು ಆಕೆ ಕಿಟಕಿಯ ಸರಳಿಗೆ ಲಂಗದ ಐದು ಲಾಡಿಗಳನ್ನು ಕಟ್ಟಿಕೊಟ್ಟಿದ್ದಳು.

"ಹೊರಗಿನೆಳೆ ಒಂದರ ಮೇಲೆ, ಒಂದರ ಕೆಳಗೆ, ನಡುವಿಗೆ ಬರ್ಬೇಕು. ಆಮೇಲೆ ಆ ಕಡೆಯಿಂದ. ಕಣ್ಣಲ್ಲಿ ನೋಡ್ಬೇಡ, ಬೆರಳಿಗೆ ಗೊತ್ತಾಗ್ಲಿ."

ಹನ್ನೊಂದು ವರ್ಷದ ಬಿಂದು ಮೂರು ದಿನ ಹೆಣಗಿ, ನಾಲ್ಕನೆಯ ದಿನ, "ಮೂರೆಳೆ ಸಾಕಮ್ಮ, ಯಾರು ನೋಡ್ತಾರೆ?" ಎಂದು ಎದ್ದುಹೋದಳು. ಅಮ್ಮ ಲಾಡಿಗಳನ್ನು ಬಿಚ್ಚಿ ಮಡಿಸಿ ಎತ್ತಿಟ್ಟಳು. ಬೈಯಲಿಲ್ಲ.

ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅಮ್ಮನ ಬಲಗೈ ಬಿದ್ದುಹೋಯಿತು. ನಗರದ ಇನ್ನೊಂದು ತುದಿಯ ಮಾಧವರಂನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಬಿಂದುವಿನ ಕೈಗೆ ಅಮ್ಮ ಒಂದು ಸಂಜೆ ಬಾಚಣಿಗೆ ಕೊಟ್ಟಳು. ಹೊರಡುವ ಹೊತ್ತಾಗಿತ್ತು. ಬಿಂದು ಕೂದಲನ್ನು ಒಟ್ಟುಮಾಡಿ ತನ್ನದೇ ಕ್ಲಿಪ್ಪು ಹಾಕಿ, "ಹೀಗೇ ಚೆನ್ನಾಗಿದೆ," ಎಂದಳು. ಅಮ್ಮ ಎಡಗೈಯಿಂದ ತಡವಿ ನೋಡಿ, "ಗಟ್ಟಿಯಾಗಿದೆ ಬಿಡು," ಎಂದಳು.

ಕೆಲವು ತಿಂಗಳಾದ ಮೇಲೆ ಒಮ್ಮೆ ಬಂದಾಗ ಅಮ್ಮನ ಎಡಭುಜದ ಮೇಲೆ ಐದೆಳೆ ಜಡೆ ಇಳಿದಿತ್ತು. ತಮ್ಮನ ಹೆಂಡತಿ ತೇಜಶ್ರೀ ಕಲಿತಿದ್ದಾಳೆಂದುಕೊಂಡ ಬಿಂದುವಿಗೆ ನೆಮ್ಮದಿಯೂ ಆಯಿತು, ಒಳಗೆಲ್ಲೋ ಸಣ್ಣಗೆ ಚುಚ್ಚಿತು ಕೂಡ.

*

ಗೋಡೆಗೊರಗಿದ ಅಮ್ಮನ ಹಿಂದೆ ನಿಲ್ಲಲು ಜಾಗವಿರಲಿಲ್ಲ. ಬಿಂದು ಪಕ್ಕದಿಂದ ಕೂದಲನ್ನು ಮುಂದಕ್ಕೆ ತಂದು ಐದು ಭಾಗ ಮಾಡಿದಳು. ಎರಡು ಸುತ್ತು ಬಂತು. ಮೂರನೆಯದರಲ್ಲಿ ಎಡ ಬಲ ಕಲಸಿಹೋಗಿ ಗಂಟಾಯಿತು. ಬಿಚ್ಚಿದಳು. ಮತ್ತೆ ಹಿಡಿದಳು. ಮತ್ತೆ ಗಂಟು.

"ತೇಜು, ನೀನೇ ಬಾ," ಎಂದಳು ಕೊನೆಗೆ. "ದಿನಾ ಹಾಕ್ತಿದ್ದೋಳು ನೀನು."

"ನಾನಾ?" ತೇಜಶ್ರೀ ಗಾಬರಿಯಾದಳು. "ಏಳು ಹತ್ತರ ಟ್ರೈನಿಗೆ ಓಡೋಳು ನಾನು ಅಕ್ಕ. ಸಂಜೆ ಬಂದ್ರೆ ಜಡೆ ಇರ್ತಿತ್ತು. ಸೀತಕ್ಕ ಹಾಕ್ತಿದ್ರು."

ಮಲ್ಲಿಗೆಯ ದಿಂಡು ಹಿಡಿದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಸೀತಾ ಮೂರು ತಲೆಮಾರಿನಿಂದ ಇಲ್ಲೇ ಇರುವ ಕುಟುಂಬದವಳು. ಅವಳ ಕನ್ನಡದಲ್ಲಿ ಅರ್ಧ ತಮಿಳೇ. "ಅಯ್ಯೋ, ನಾನಿಲ್ಲ ಬಿಂದು! ಈ ಐದೆಳೆ, ಅಂಜು ಕಾಲ್ ಪಿನ್ನಲ್ ಎಲ್ಲಾ ನನಗೆ ಸುತ್ತಮಾ ವರಾದು, ಬರೋದೇ ಇಲ್ಲ. ತೇಜು ಹಾಕಿಟ್ಟು ಹೋಗ್ತಾಳೆ ಅಂತ ಅಲ್ವಾ ನಾನು ನೆನಚೆನ್?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಮೂಲೆಯ ಕುರ್ಚಿ ಸದ್ದು ಮಾಡಿತು. ಬೆಳಗಿನಿಂದ ಅಲ್ಲೇ ಕೂತಿದ್ದ ಅಪ್ಪಾಜಿ, ತಾಂಬರಂ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಟಿಕೆಟು ಕೊಟ್ಟು ನಿವೃತ್ತರಾದ ರೇವಣಸಿದ್ದಪ್ಪ, ಗೋಡೆ ಹಿಡಿದು ಬಂದು ಹೆಂಡತಿಯ ಎಡಬದಿಗೆ ಕೂತರು.

"ಸ್ವಲ್ಪ ಸರಿಯವ್ವ."

"ಇದು ಹೆಂಗಸರ ಕೆಲಸ ಕಣೋ ರೇವಣ್ಣ," ಪುಟ್ಟತಾಯಮ್ಮ ದನಿ ತಗ್ಗಿಸಿದರು. "ಜನ ನೋಡ್ತಾರೆ."

"ನೋಡ್ಲಿ ಅಕ್ಕ. ಇಷ್ಟು ದಿನ ಯಾರೂ ನೋಡಬಾರ್ದು ಅಂತ ಬಾಗಿಲು ಹಾಕಿಸ್ತಿದ್ಲು. ನಾಚಿಕೆ ಅಂತೆ."

"ಅವಳಿಗಾ?"

"ಅಲ್ಲ. ನನಗೆ ನಾಚಿಕೆ ಆಗುತ್ತೆ ಅಂತ ಅವಳೇ ಅಂದ್ಕೊಂಡಿದ್ಲು."

ಅಯ್ಯನವರು ಗಡಿಯಾರದತ್ತ ನೋಡಿದರು. ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟು ಕೈಕಟ್ಟಿ ಕೂತರು.

ಅಪ್ಪಾಜಿಯ ಬೆರಳುಗಳು ನಿಧಾನ. ತುಟಿ ಅಲುಗುತ್ತಿತ್ತು: ಒಂದರ ಮೇಲೆ, ಒಂದರ ಕೆಳಗೆ. ಪಾರ್ಶ್ವವಾಯು ಬಡಿದಂದಿನಿಂದ, ಬೀಳದಿರಲೆಂದು ದಿಂಬಿಟ್ಟು ಗೋಡೆಗೆ ಒರಗಿಸಿ ಕೂರಿಸಿದ ಹೆಂಡತಿಗೆ ಎಡಬದಿಯಿಂದ ಜಡೆ ಹಾಕಿಯೇ ಅವರಿಗೆ ಅಭ್ಯಾಸ. ಬೇರೆ ರೀತಿ ಅವರಿಗೆ ಬರುತ್ತಲೇ ಇರಲಿಲ್ಲ.

"ಯಾವಾಗ ಕಲಿತ್ರಿ ಅಪ್ಪಾಜಿ?"

"ನೀನು ಕ್ಲಿಪ್ಪು ಹಾಕಿ ಹೋದ್ಯಲ್ಲ, ಆ ವಾರ. ಲಾಡಿ ಇನ್ನೂ ಇಟ್ಕೊಂಡಿದ್ಲು. ಕಿಟಕಿಗೆ ಕಟ್ಟು ಅಂದ್ಲು. ಮೂರು ತಿಂಗಳು ಬೈಸಿಕೊಂಡೆ." ಆ ಮಾತಿನಲ್ಲಿ ಆಕ್ಷೇಪದ ಸುಳಿವೂ ಇರಲಿಲ್ಲ. ಎರಡು ಹೆಣಿಗೆ ಇಳಿಸಿದ ಮೇಲೆ, "ಬಾ. ನಡುವಿನೆಳೆ ನೀನು ಹಿಡ್ಕೊ," ಎಂದರು.

ಬಿಂದು ಹಿಡಿದಳು. ಅವರು ಹೊರಗಿನದನ್ನು ತಂದುಕೊಟ್ಟರು. ಅವಳು ಕೆಳಗಿನಿಂದ ತೆಗೆದುಕೊಂಡಳು. ಜಡೆ ಇಬ್ಬರ ನಡುವೆ ಒಂದೊಂದೇ ಹೆಣಿಗೆಯಾಗಿ ಇಳಿಯಿತು. ತುದಿಗೆ ಸೀತಾ ಮಲ್ಲಿಗೆ ಸುತ್ತಿದಳು. ಹನ್ನೊಂದೂವರೆ ದಾಟಿ ಹತ್ತು ನಿಮಿಷವಾಗಿತ್ತು.

*

ರುದ್ರಭೂಮಿಯಿಂದ ಹಿಂತಿರುಗಿ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಮೂರು ಗಂಟೆ. ಒಲೆ ಹಚ್ಚುವ ಹಾಗಿರಲಿಲ್ಲ. ಸೀತಾ ತನ್ನ ಮನೆಯಿಂದ ಬಿಸಿ ಅನ್ನ, ಮೆಣಸಿನ ಸಾರು ತಂದಿಟ್ಟಿದ್ದಳು. ತೇಜಶ್ರೀ ಮೊದಲ ತಟ್ಟೆಯನ್ನು ಅಪ್ಪಾಜಿಯ ಕೈಗೆ ಕೊಟ್ಟಳು.

ಅವರು ಅದನ್ನು ಹಿಡಿದು ಸುತ್ತ ನೋಡಿದರು. ತೊಳೆದ ನೆಲದ ಮೇಲೆ ಬಿಂದು ಒಬ್ಬಳೇ ಕೂತಿದ್ದಳು. ಅಪ್ಪಾಜಿ ಅವಳ ಬಳಿಗೆ ಬಂದು ಮಂಡಿಯೂರಿ ಮೆಲ್ಲನೆ ಕೂತರು. ತಟ್ಟೆಯ ತಳ ಸುಡುತ್ತಿತ್ತು. ಹೆಗಲ ಮೇಲಿನ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅವಳ ತೊಡೆಯ ಮೇಲೆ ಹಾಸಿ, ಅದರ ಮೇಲೆ ತಟ್ಟೆ ಇಟ್ಟರು.