ಎರಡನೆಯ ಸಹಿ

"ನಲವತ್ತೊಂದು ಪಾರಿವಾಳ," ಎಂದರು ಕನ್ನಡಕದವರು.

"ನಲವತ್ತೆರಡು, ಮಾಮ. ಬೆಂಚಿನ ಕೆಳಗೊಂದು ಕೂತಿದೆ."

ಬಗ್ಗಿ ನೋಡಿದರು. ಕೂತಿತ್ತು. ಊರಿನ ಅರ್ಧ ಜನಕ್ಕೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಹಾಕಿಸಿದ ಮನುಷ್ಯನಿಗೆ ಕಾಲಬುಡದ ಪಾರಿವಾಳ ಕಾಣಲಿಲ್ಲವೆಂದರೆ ಯಾರಾದರೂ ನಗಬೇಕಿತ್ತು. ಹಾಗೆ ನಗುತ್ತಿದ್ದವರು ಡ್ರಾಯಿಂಗ್ ಮೇಷ್ಟ್ರು. ಅವರು ತೀರಿಹೋಗಿ ನಾಳೆಗೆ ಒಂದು ವರ್ಷ.

ವರ್ಷಕ್ಕೊಮ್ಮೆ ಬರುವ ಹಕ್ಕಿ ಎಣಿಕೆಯ ದಿನ ಈ ಪಾರ್ಕೂ ಆಚೆಯ ಜಲಾಶಯವೂ ಇಪ್ಪತ್ತಾರು ವರ್ಷದಿಂದ ಅವರಿಬ್ಬರ ಪಾಲಿನವು. ನಿಯಮ ಒಂದೇ: ಅಪರೂಪದ ಹಕ್ಕಿಯಾದರೆ ಇಬ್ಬರೂ ಕಂಡಿರಬೇಕು, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಒಬ್ಬರೇ ಕಂಡದ್ದು ಲೆಕ್ಕಕ್ಕಿಲ್ಲ. ಈ ಸಲ ಮೇಷ್ಟ್ರ ಜಾಗಕ್ಕೆ ಅವರ ಮಗಳು ಬಂದಿದ್ದಳು, ಆಸ್ಪತ್ರೆಯ ನರ್ಸು ಕೆಲಸಕ್ಕೆ ಒಂದು ದಿನ ರಜೆ ಹಾಕಿ. ಕೊರಳಲ್ಲಿ ಅಪ್ಪನ ದುರ್ಬೀನು, ಕಂಕುಳಲ್ಲಿ ಅಪ್ಪನ ಪುಸ್ತಕ. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆಯೂ ಅಪ್ಪನದೇ. ಹಿಂದಿನಿಂದ ಆ ಸದ್ದು ಕೇಳಿ ಕನ್ನಡಕದವರು ಬೆಳಗಿನಿಂದ ಎರಡು ಸಲ "ಏನೋ?" ಎನ್ನುತ್ತಾ ತಿರುಗಿ, ಅವಳನ್ನು ಕಂಡು ತಬ್ಬಿಬ್ಬಾಗಿದ್ದರು.

ಜಲಾಶಯದ ಏರಿ ಹತ್ತುವಾಗ ಹೊತ್ತು ಇಳಿದಿತ್ತು. ತೂಬಿನ ಬಳಿ ನೀರಿಗಿಳಿಯುವ ಮೆಟ್ಟಿಲುಗಳಿಗೆ ಕಬ್ಬಿಣದ ಕಂಬಿ ಹಾಕಿದ್ದರು. ಅದರ ಹಸಿರು ಬಣ್ಣ ಇನ್ನೂ ಹೊಸದು. ಕನ್ನಡಕದವರು ಆ ಕಡೆ ಮುಖ ಮಾಡದೆ ನೀರುಕಾಗೆಗಳನ್ನು ಎಣಿಸಿದರು, ಬೇಕಾದ್ದಕ್ಕಿಂತ ಜೋರಾಗಿ.

ಅವಳು ಬರೆದುಕೊಂಡಳು. ಆಮೇಲೆ ಏರಿಯ ಕಲ್ಲಿನ ಮೇಲೆ ಕೂತು ಪುಸ್ತಕದಲ್ಲಿ ಹೋದ ವರ್ಷದ ಹಾಳೆ ತಿರುವಿದಳು. ಪೆನ್ಸಿಲ್ಲಿನಲ್ಲಿ ಬಿಡಿಸಿದ ಕರಿಕೊಕ್ಕರೆ, ಕೊಕ್ಕಿಗೆ ಮಾತ್ರ ಕೆಂಪು. ಕೆಳಗೆ ಮೇಷ್ಟ್ರ ಸಹಿ. ಪಕ್ಕದ ಗೆರೆ ಖಾಲಿ.

"ಇದಕ್ಕೆ ನೀವ್ಯಾಕೆ ಸಹಿ ಹಾಕಲಿಲ್ಲ?"

"ನನಗೆ ಕಾಣಲಿಲ್ಲಮ್ಮ." ವರ್ಷದಿಂದ ರೂಢಿಯಾದ ಮಾತು, ಸಲೀಸಾಗಿ ಬಂತು.

"ಆವತ್ತು ಅಪ್ಪ ಊಟಾನೇ ಮಾಡಲಿಲ್ಲ. ಕ್ಯಾಲೆಂಡರ್ ಮುಂದೆ ನಿಂತ್ಕೊಂಡು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಅಂಕಿ ಓದ್ತಾ ಇದ್ರು. 'ಅವನೇ ಇಲ್ಲ ಅಂದ ಮೇಲೆ ನನ್ನ ಕಣ್ಣೇ ಹೋಗಿರಬೇಕು ಕಣೆ' ಅಂದ್ರು. ಬೆಳಿಗ್ಗೆ ಯಾರಿಗೂ ಹೇಳದೆ ಇಲ್ಲಿಗೆ ಬಂದ್ರು, ಇನ್ನೊಂದ್ಸಲ ನೋಡೋಕೆ." ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಮೆಟ್ಟಿಲು ಪಾಚಿ ಕಟ್ಟಿತ್ತಂತೆ."

ಕ್ಯಾಲೆಂಡರಿನ ವಿಷಯ ಕನ್ನಡಕದವರಿಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

"ನಾನೂ ನೋಡಿದ್ದೆ," ಎಂದರು.

ಅವಳು ಪುಸ್ತಕದಿಂದ ತಲೆ ಎತ್ತಿದಳು.

"ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಆ ಹಕ್ಕಿಗೆ ಕಾದವನು ನಾನು. ಅವನು ಟೀ ಕುಡೀತಾ ಹಾಗೇ ತಲೆ ಎತ್ತಿ, 'ನೋಡೋ ಅಲ್ಲಿ' ಅಂದ. ಚೆನ್ನಾಗೇ ಕಾಣ್ತು. ಕೊಕ್ಕಿನ ಕೆಂಪೂ ಕಾಣ್ತು. ಹೊಟ್ಟೆ ಉರೀತು ಕಣಮ್ಮ. 'ಏನೂ ಇಲ್ವಲ್ಲೋ, ಅಂಗಡಿಗೆ ಬಾ, ಕಣ್ಣು ಪರೀಕ್ಷೆ ಮಾಡ್ತೀನಿ' ಅಂದುಬಿಟ್ಟೆ. ಎರಡು ದಿನ ಆಟ ಆಡಿಸಿ ಆಮೇಲೆ ಸಹಿ ಹಾಕೋಣ ಅಂತಿದ್ದೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು, ಅಷ್ಟೇ.

ಆಗ ಅದು ಬಂತು. ಜೊಂಡಿನ ಆಚೆಯಿಂದ ಎದ್ದು, ಕತ್ತು ಚಾಚಿ, ನಿಧಾನವಾಗಿ ರೆಕ್ಕೆ ಬಡಿಯುತ್ತ ತೂಬಿನ ಕಡೆಗೆ. ಮೈಯೆಲ್ಲ ಕಪ್ಪು, ಹೊಟ್ಟೆ ಬಿಳಿ, ಕೊಕ್ಕು ಕೆಂಪು. ಬೇರೆಲ್ಲೂ ಜಾಗವಿಲ್ಲವೆಂಬಂತೆ ಅದು ಆ ಹಸಿರು ಕಂಬಿಯ ಮೇಲೆಯೇ ಒಂದು ಗಳಿಗೆ ಕೂತಿತು.

"ಅಲ್ಲಿ! ಅಲ್ಲೇ ನೋಡು, ಕಂಬಿ ಮೇಲೆ!"

ಅವಳು ದುರ್ಬೀನು ಎತ್ತಿದಳು. ಹಕ್ಕಿ ಹಾರಿತು. ಅದು ನೀರಿನ ಮೇಲೆ ಎಡಕ್ಕೆ ಹೋದಂತೆ ದುರ್ಬೀನೂ ಎಡಕ್ಕೆ ಹೊರಳಿತು, ಅದು ಮೇಲೇರಿದಂತೆ ಮೇಲೇರಿತು, ದೂರದ ಗುಡ್ಡದ ನೆತ್ತಿಯಲ್ಲಿ ನಿಂತಿತು.

"ಕಂಡಿತಲ್ಲಾ? ಬರಿ, ಬೇಗ ಬರಿ. ಇಬ್ಬರೂ ಸಹಿ ಹಾಕೋಣ. ಹೋದ ವರ್ಷದ್ದಕ್ಕೂ ಈಗಲೇ ಹಾಕ್ತೀನಿ, ಕೊಡು ಇಲ್ಲಿ."

ಅವಳು ದುರ್ಬೀನು ಇಳಿಸಿದಳು. ಕಣ್ಣು ತೇವವಾಗಿತ್ತು, ದನಿಯಲ್ಲಿ ಏನೂ ಇರಲಿಲ್ಲ.

"ನನಗೇನೂ ಕಾಣಲಿಲ್ಲ, ಮಾಮ."

ಪುಸ್ತಕವನ್ನು ಕಂಕುಳಿಗೆ ಸೇರಿಸಿ ಎದ್ದಳು. ಎಡಗಾಲು ಎಳೆದು ಹಾಕುವ ಆ ಸದ್ದು ಏರಿಯುದ್ದಕ್ಕೂ ಹೋಗಿ ಕೆಳಗಿಳಿಯಿತು.

ಕನ್ನಡಕದವರು ಒಂದು ಕಣ್ಣು ಮುಚ್ಚಿಕೊಂಡು ಗುಡ್ಡದ ಕಡೆ ನೋಡಿದರು. ಆಮೇಲೆ ಇನ್ನೊಂದು ಮುಚ್ಚಿಕೊಂಡು ನೋಡಿದರು.