ಜೋಡಿ ಗುಂಡು

ದೆಹಲಿಯ ರೋಹಿಣಿ ಬಡಾವಣೆಯ ಫ್ಲ್ಯಾಟಿನ ಹಾಲ್‌ನಲ್ಲಿ, ಬೆಳಗ್ಗೆ ತೀರಿಕೊಂಡ ಪೂಣಚ್ಚನವರನ್ನು ಮಲಗಿಸಿದ್ದರು. ಮಗ ಉತ್ತಯ್ಯ ಬೀರುವಿನಲ್ಲಿದ್ದ ಅಪ್ಪನ ಜೋಡಿನಳಿಗೆ ಕೋವಿಗೆ ಕೈ ಹಾಕಿದಾಗ ಅಕ್ಕ ಬೊಳ್ಳಮ್ಮ ಅಡ್ಡ ನಿಂತಳು.

"ಎರಡು ಗುಂಡು ಹಾರಿಸದೆ ಅಪ್ಪನನ್ನ ಕಳಿಸೋದು ಹೇಗಕ್ಕಾ? ಕೊಡವರಿಗೆ ಲೈಸೆನ್ಸೇ ಬೇಡ ಅಲ್ವಾ?"

"ಅದು ಕೊಡಗಲ್ಲಿ. ಇಲ್ಲಿ ಲೈಸೆನ್ಸ್ ಇದ್ದದ್ದು ಅಪ್ಪ ಒಬ್ಬರಿಗೇ. ನಿನ್ನ ಕೈಗೆ ಕೊಟ್ಟರೆ ಇಬ್ಬರೂ ಜೈಲಿಗೆ ಹೋಗ್ತೀವಿ."

ಊರಿನಲ್ಲಿ ಸಾವಿನ ಸುದ್ದಿಯನ್ನು ಸಾರುವುದು ಆ ಜೋಡಿ ಗುಂಡೇ ಎಂಬುದು ಅವಳಿಗೇನು ಗೊತ್ತಿಲ್ಲದ್ದಲ್ಲ. ಕೋವಿಯನ್ನು ಮಗನ ಹೆಸರಿಗೆ ಮಾಡಿಸಿ ಎಂದು ಅಪ್ಪನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. "ನಾನಿನ್ನೂ ಗಟ್ಟಿಯಾಗಿದ್ದೀನಲ್ಲ" ಎಂದು ಅವರು ನಗುತ್ತಿದ್ದರು.

ಕೊನೆಗೆ, ಕೋವಿ ತೆಗೆದುಕೊಂಡು ಹೋಗಿ ಎಂದು ಠಾಣೆಗೆ ಫೋನ್ ಮಾಡಿದವಳೂ ಅವಳೇ. ಉತ್ತಯ್ಯ ಆಮೇಲೆ ಅವಳ ಮುಖ ನೋಡಲಿಲ್ಲ.

ಬಂದ ಹವಾಲ್ದಾರ ಬೂಟು ಕಳಚಿಟ್ಟು ಪೂಣಚ್ಚನವರಿಗೆ ಕೈಮುಗಿದ. ಕೋವಿ ತೆರೆದು ನಳಿಗೆಗಳಲ್ಲಿ ಇಣುಕಿದ. ಮತ್ತೆ ಮುಚ್ಚಿ, ಖಾತ್ರಿಗೆಂದು ಅದನ್ನು ಮೇಲಕ್ಕೆತ್ತಿ ಎರಡೂ ಟ್ರಿಗರ್ ಒತ್ತಿದ.

ಟಕ್. ಟಕ್.

"ಖಾಲಿ ಹೈ, ಬೇಟಿ," ಎಂದ.

ಕೂತಿದ್ದ ಉತ್ತಯ್ಯ ಎದ್ದು ನಿಂತ, ಊರಲ್ಲಿ ಗುಂಡಿನ ಸದ್ದು ಕೇಳಿದವರು ನಿಲ್ಲುವ ಹಾಗೆ. ಬೆಳಗಿನಿಂದ ಓಡಾಡುತ್ತಲೇ ಇದ್ದ ಬೊಳ್ಳಮ್ಮನಿಗೆ ಅಪ್ಪ ಸತ್ತ ಸುದ್ದಿ ಮುಟ್ಟಿದ್ದು ಆಗಲೇ.